ಅರಬ್ ವರ್ತಕರು ಮತ್ತು ಹಿಂದೂ ಮಹಾಸಾಗರದ ತೀರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

'ಅರಬ್ ವರ್ತಕರು' ಅಂದರೆ ನಿಖರವಾಗಿ ಯಾರು?

ಒಂದೇ ಜನಾಂಗದವರಲ್ಲ. ಒಮಾನಿನ ಮಸ್ಕತ್ ಮತ್ತು ಸೊಹಾರ್, ಯೆಮನ್ನಿನ ಏಡನ್, ಹದ್ರಮೌತ್ ಕಣಿವೆ, ಬಸ್ರಾ ಇವೆಲ್ಲ ಅರಬ್ ಊರುಗಳು. ಅವುಗಳ ಜೊತೆಗೆ ಪರ್ಷಿಯಾದ ಸಿರಾಫ್ ಮತ್ತು ಹೊರ್ಮುಜ್‌ನವರು, ಅರಬ್ಬಿ ಮಾತಾಡುವ ಯಹೂದಿಗಳು, ಕ್ರೈಸ್ತರು ಕೂಡ ಅದೇ ಹಡಗುಗಳಲ್ಲಿ ಬರುತ್ತಿದ್ದರು. ನಮ್ಮ ಕಡೆಯ ಶಾಸನಗಳು ಇವರಲ್ಲಿ ಹಲವರನ್ನು 'ತಾಜಿಕ'ರೆಂದು ಒಟ್ಟಿಗೆ ಕರೆದುಬಿಡುತ್ತವೆ. ಕೊಲ್ಲಂನಲ್ಲಿ ಕ್ರಿ.ಶ. 849ರಲ್ಲಿ ಒಂದು ಚರ್ಚಿಗೆ ಬರೆದುಕೊಟ್ಟ ತರಿಸಾಪಳ್ಳಿ ತಾಮ್ರಪಟದಲ್ಲಿ ಸಾಕ್ಷಿಗಳ ಸಹಿಗಳು ಅರಬ್ಬಿಯ ಕೂಫಿ ಲಿಪಿಯಲ್ಲಿ, ಹಳೆಯ ಪರ್ಷಿಯನ್ ಲಿಪಿಯಾದ ಪಹ್ಲವಿಯಲ್ಲಿ, ಹೀಬ್ರೂ ಅಕ್ಷರದ ಪರ್ಷಿಯನ್‌ನಲ್ಲಿ ಇವೆ. ಮೂರು ಧರ್ಮಗಳಿಗಿಂತ ಹೆಚ್ಚಿನವರು ಒಂದೇ ದಾಖಲೆಗೆ ಸಾಕ್ಷಿ ಹಾಕಿದ್ದಾರೆ. ಆದ್ದರಿಂದ ಇಲ್ಲಿ 'ಅರಬ್ ವರ್ತಕರು' ಎಂದಾಗ ಅರಬ್ಬಿಯಲ್ಲಿ ಲೆಕ್ಕ ಬರೆದು, ಪಶ್ಚಿಮ ಏಷ್ಯಾದ ಬಂದರುಗಳಿಂದ ಹೊರಟವರು ಎಂದು ಅರ್ಥ ಮಾಡಿಕೊಳ್ಳಿ.

ಈ ವ್ಯಾಪಾರ ಇಸ್ಲಾಂ ಜೊತೆ ಶುರುವಾಯಿತೇ?

ಇಲ್ಲ. ಕೆಂಪು ಸಮುದ್ರ ಮತ್ತು ಮಲಬಾರಿನ ನಡುವೆ ಕರಿಮೆಣಸಿನ ಸಾಗಣೆ ರೋಮನ್ನರ ಕಾಲಕ್ಕೇ ಜೋರಾಗಿತ್ತು. ಏಳನೇ ಶತಮಾನದಲ್ಲಿ ಹೊಸ ಧರ್ಮ ಬಂದಾಗ ಅದು ಹಳೆಯ ದಾರಿಯಲ್ಲೇ ಸಾಗಿತು. ಹಡಗು ಅದೇ, ಸರಕು ಅದೇ, ಬಂದರೂ ಅದೇ. ಬದಲಾದದ್ದು ವರ್ತಕರ ನಡುವಿನ ಕಾನೂನು. ಅದರ ವಿಚಾರ ಕೆಳಗೆ ಬರುತ್ತದೆ.

ಅವರು ಬಂದ ಕಡೆಯಲ್ಲೇ ತಿಂಗಳುಗಟ್ಟಲೆ ಯಾಕೆ ಉಳಿಯುತ್ತಿದ್ದರು?

ಗಾಳಿಗಾಗಿ. ಈ ಇಡೀ ಚರಿತ್ರೆಗೆ ಇದೇ ಬೀಗದ ಕೈ. ಇದನ್ನು ಬಿಟ್ಟು ಓದಿದರೆ ಮುಂದಿನದೆಲ್ಲ ತಪ್ಪಾಗಿ ಅರ್ಥವಾಗುತ್ತದೆ.

ಅರಬ್ಬಿ ಸಮುದ್ರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ನೈಋತ್ಯದಿಂದ ಬೀಸುತ್ತದೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಈಶಾನ್ಯದಿಂದ. ಏಡನ್‌ನಿಂದ ನಮ್ಮ ಕರಾವಳಿಗೆ ಬರಲು ನೈಋತ್ಯದ ಗಾಳಿ ಬೇಕು. ಆದರೆ ಜೂನ್, ಜುಲೈಯಲ್ಲಿ ಹೊರಟರೆ ಸತ್ತಂತೆಯೇ: ಗಾಳಿಯ ಅಬ್ಬರ ಒಂದು ಕಡೆ, ಮಳೆಗಾಲದಲ್ಲಿ ಅಳಿವೆ ಬಾಗಿಲಲ್ಲಿ ಏಳುವ ಅಲೆ ಇನ್ನೊಂದು ಕಡೆ. ಹೊನ್ನಾವರ, ಬಾರ್ಕೂರು, ಬಸ್ರೂರು, ಮಂಗಳೂರು ಎಲ್ಲವೂ ನದಿಯ ಅಳಿವೆಯ ಒಳಗಿನ ಬಂದರುಗಳು. ಮರಳು ದಿಬ್ಬ ದಾಟಿ ಒಳಗೆ ಬರಬೇಕು, ಮಳೆಗಾಲದಲ್ಲಿ ಅದು ಆಗದ ಮಾತು. ಹಾಗಾಗಿ ಅನುಭವಸ್ಥ ನಾಖುದ (ಹಡಗಿನ ಯಜಮಾನ) ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಲ್ಲಿ, ಮುಂಗಾರಿನ ಬಾಲ ಹಿಡಿದು ಹೊರಡುತ್ತಿದ್ದ. ಮೂರು ವಾರ, ಹೆಚ್ಚೆಂದರೆ ಒಂದು ತಿಂಗಳ ಪಯಣ. ಮಸ್ಕತ್‌ನಿಂದ ಕೊಲ್ಲಂಗೆ ಗಾಳಿ ಸರಿಯಿದ್ದರೆ ಒಂದು ತಿಂಗಳು ಎಂದು ಕ್ರಿ.ಶ. 851ರ ಅರಬ್ ಬರಹವೊಂದು ಹೇಳುತ್ತದೆ.

ಬಂದ ಮೇಲೆ ಹಿಂದಿರುಗಲು ಈಶಾನ್ಯದ ಗಾಳಿ ನೆಲೆ ನಿಲ್ಲಬೇಕು. ಅಂದರೆ ಡಿಸೆಂಬರ್ ಅಥವಾ ಜನವರಿ. ಹೊಸ ಮೆಣಸಿನ ಕೊಯ್ಲೂ ಸುಮಾರು ಅದೇ ಹೊತ್ತಿಗೆ. ಮೂರು ನಾಲ್ಕು ತಿಂಗಳು ಕಾಯಲೇಬೇಕು. ಏಪ್ರಿಲ್ ಹೊತ್ತಿಗೂ ಹೊರಡದಿದ್ದರೆ ಗಾಳಿ ತಿರುಗುತ್ತದೆ. ಆಗ ಮುಂದಿನ ಋತುವಿನವರೆಗೆ ಇಲ್ಲೇ ವಾಸ. ಸರಕು ಮಾರಾಟವಾಗದೆ, ಸಾಲ ವಸೂಲಾಗದೆ, ಹಡಗು ರಿಪೇರಿಯಾಗದೆ ಹೀಗೆ ಸಿಕ್ಕಿಬೀಳುವುದು ಸಾಮಾನ್ಯವಾಗಿತ್ತು.

ಪೂರ್ವ ಆಫ್ರಿಕಾಕ್ಕೆ ಲೆಕ್ಕ ತಿರುಗುಮುರುಗು. ಡಿಸೆಂಬರ್, ಜನವರಿಯಲ್ಲಿ ಒಮಾನ್ ಅಥವಾ ಯೆಮನ್ ಬಿಟ್ಟು ಈಶಾನ್ಯದ ಗಾಳಿಯಲ್ಲಿ ಇಳಿಯುವುದು, ಏಪ್ರಿಲ್ ನಂತರ ನೈಋತ್ಯ ಗಾಳಿಯಲ್ಲಿ ಏರುವುದು. ಚೀನಾಕ್ಕೆ ಹೋಗುವುದಾದರೆ ಒಂದೇ ಗಾಳಿಯಲ್ಲಿ ಸಾಗುವುದಿಲ್ಲ, ಮಲಕ್ಕಾ ಜಲಸಂಧಿಯಲ್ಲಿ ಎಲ್ಲಾದರೂ ಕಾಯಬೇಕು. ಹೋಗಿ ಬರಲು ಒಂದೂವರೆ ವರ್ಷ. ಜನ ಎಲ್ಲೆಲ್ಲಿ ಕಾದರೋ ಅಲ್ಲಲ್ಲೇ ಮಸೀದಿ, ಗೋರಿ, ಮಿಶ್ರ ಕುಟುಂಬಗಳು ಕಾಣಿಸುತ್ತವೆ.

ಅವರ ಹಡಗುಗಳಲ್ಲಿ ಕಬ್ಬಿಣದ ಮೊಳೆ ಇರಲಿಲ್ಲ ಎನ್ನುವುದು ನಿಜವೇ?

ಬಹುಪಾಲು ನಿಜ. ಹಲಗೆಗಳ ಅಂಚಿನಲ್ಲಿ ಸಾಲಾಗಿ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಒಂದಕ್ಕೊಂದು ಹೊಲಿಯುತ್ತಿದ್ದರು. ಸಂದಿಗೆ ನಾರು ತುಂಬಿ, ಹೊರಮೈಗೆ ಮೀನೆಣ್ಣೆ ಅಥವಾ ಸುಣ್ಣ ಬೆರೆಸಿದ ಕೊಬ್ಬು ಬಳಿಯುತ್ತಿದ್ದರು. ಅರೇಬಿಯಾದಲ್ಲಿ ಒಳ್ಳೆಯ ಮರವಿಲ್ಲ. ಸಾಗುವಾನಿ ನಮ್ಮ ಪಶ್ಚಿಮ ಘಟ್ಟದಿಂದ, ನಾರು ಲಕ್ಷದ್ವೀಪ ಮತ್ತು ಮಾಲ್ದೀವ್‌ಗಳಿಂದ ಹೋಗುತ್ತಿತ್ತು. ಅಂದರೆ 'ಅರಬ್ ಹಡಗು' ಎನ್ನುವುದರ ಮೈಯೇ ಅರ್ಧ ಭಾರತದ್ದು.

ಹೊಲಿದ ಹಡಗಿಗೆ ಒಂದು ಅನುಕೂಲ, ಒಂದು ಅನನುಕೂಲ. ಮರಳ ದಿಬ್ಬಕ್ಕೆ ತಾಗಿದರೆ ಬಳುಕುತ್ತದೆ, ಒಡೆಯುವುದಿಲ್ಲ. ಆದರೆ ಹುರಿ ಕೊಳೆಯುತ್ತದೆ, ನೀರು ಒಸರುತ್ತಲೇ ಇರುತ್ತದೆ, ಒಬ್ಬಿಬ್ಬರು ಸದಾ ನೀರು ಮೊಗೆಯಬೇಕು, ಕಾಲಕಾಲಕ್ಕೆ ಬಿಚ್ಚಿ ಮತ್ತೆ ಹೊಲಿಯಬೇಕು.

ಇಂಥ ಹಡಗು ಎಷ್ಟು ದೂರ ಹೋಗುತ್ತಿತ್ತು ಎಂಬುದಕ್ಕೆ ಕೈಗೆ ಸಿಕ್ಕ ಪುರಾವೆ ಇಂಡೋನೇಷ್ಯಾದ ಬೆಲಿತುಂಗ್ ದ್ವೀಪದ ಬಳಿ 1998ರಲ್ಲಿ ಪತ್ತೆಯಾದ ಹೊಲಿಗೆ ಹಡಗು. ಅದರಲ್ಲಿ ಸುಮಾರು 60,000 ಚೀನೀ ಪಿಂಗಾಣಿ ವಸ್ತುಗಳಿದ್ದವು; ಒಂದು ಬಟ್ಟಲಿನ ಮೇಲೆ ಕ್ರಿ.ಶ. 826ಕ್ಕೆ ಸರಿಹೊಂದುವ ಚೀನೀ ತೇದಿ ಇದೆ. ಅದೇ ಮಾದರಿಯಲ್ಲಿ ಒಮಾನಿನಲ್ಲಿ ಮೊಳೆಯಿಲ್ಲದೆ ಕಟ್ಟಿದ 'ಜ್ಯುವೆಲ್ ಆಫ್ ಮಸ್ಕತ್' ಎಂಬ 18 ಮೀಟರ್ ಉದ್ದದ ಹಡಗು 2010ರಲ್ಲಿ ಕೊಚ್ಚಿ ಮಾರ್ಗವಾಗಿ ಸಿಂಗಪುರ ಮುಟ್ಟಿತು.

ದಿಕ್ಸೂಚಿಯಿಲ್ಲದೆ ಹೊನ್ನಾವರಕ್ಕೋ ಕಲ್ಲಿಕೋಟೆಗೋ ಸರಿಯಾಗಿ ಬಂದು ಸೇರುತ್ತಿದ್ದದ್ದು ಹೇಗೆ?

'ಕಮಾಲ್' ಎಂಬ ಸಾಧನದಿಂದ. ಅಂಗೈಯಗಲದ ಮರದ ಹಲಗೆ, ಅದರ ನಡುವಿನಿಂದ ಗಂಟು ಹಾಕಿದ ದಾರ. ದಾರವನ್ನು ಹಲ್ಲಲ್ಲಿ ಕಚ್ಚಿ, ಹಲಗೆಯ ಕೆಳ ಅಂಚು ಕ್ಷಿತಿಜಕ್ಕೆ, ಮೇಲಂಚು ಧ್ರುವನಕ್ಷತ್ರಕ್ಕೆ ತಾಗುವಂತೆ ದೂರ ಹಿಡಿಯಬೇಕು. ಯಾವ ಗಂಟಿಗೆ ಹೊಂದುತ್ತದೋ ಅದೇ ನಕ್ಷತ್ರದ ಎತ್ತರ. ಅಳತೆಯ ಮಾನ 'ಇಸ್ಬಾ', ಅಂದರೆ ಒಂದು ಬೆರಳು: ಸುಮಾರು 1 ಡಿಗ್ರಿ 36 ಮಿನಿಟು. ಬೇಕಾದ ಬಂದರಿನ 'ಬೆರಳು' ಎಷ್ಟೆಂದು ಗೊತ್ತಿದ್ದರೆ, ಆ ಎತ್ತರ ಬರುವವರೆಗೆ ಉತ್ತರಕ್ಕೋ ದಕ್ಷಿಣಕ್ಕೋ ಸಾಗಿ, ಆಮೇಲೆ ನೇರ ಪೂರ್ವಕ್ಕೆ ತಿರುಗಿದರಾಯಿತು. ಅರಬ್ ನಾವಿಕರಿಗೆ ದಿಕ್ಸೂಚಿಯೂ ಮುಂದೆ ಬಂತು, ಆದರೆ ನಂಬಿಕೆ ನಕ್ಷತ್ರದ ಮೇಲೆ.

ಎಡವುವುದು ಎರಡು ಕಡೆ. ಆಗಿನ ಧ್ರುವನಕ್ಷತ್ರ ನಿಜವಾದ ಧ್ರುವದಿಂದ ಮೂರೂವರೆ ಡಿಗ್ರಿ ಅಥವಾ ಇನ್ನೂ ಹೆಚ್ಚು ದೂರವಿತ್ತು. ರಾತ್ರಿಯ ಯಾವ ಹೊತ್ತಿನಲ್ಲಿ ಅಳೆದೆ ಎಂಬ ತಿದ್ದುಪಡಿ ಸೇರಿಸದಿದ್ದರೆ ಇನ್ನೂರು ಮುನ್ನೂರು ಕಿಲೋಮೀಟರ್ ದೂರದ ಊರಿಗೆ ಹೋಗಿ ಮುಟ್ಟುತ್ತಿದ್ದರು. ಸಮಭಾಜಕದ ಹತ್ತಿರ ಅದು ಕ್ಷಿತಿಜದ ಮಂಜಿನಲ್ಲಿ ಮರೆಯಾಗುತ್ತದೆ, ಬೇರೆ ನಕ್ಷತ್ರ ಹಿಡಿಯಬೇಕು. ಈ ಲೆಕ್ಕಗಳನ್ನೆಲ್ಲ ಹದಿನೈದನೇ ಶತಮಾನದ ಕೊನೆಯಲ್ಲಿ ಗ್ರಂಥವಾಗಿ ಬರೆದವನು ಜುಲ್ಫಾರಿನ ಅರಬ್ ನಾವಿಕ ಇಬ್ನ್ ಮಾಜಿದ್. ವಾಸ್ಕೋ ಡ ಗಾಮನಿಗೆ ದಾರಿ ತೋರಿಸಿದವನೂ ಅವನೇ ಎಂಬ ಕಥೆಯನ್ನು ಇಂದಿನ ಇತಿಹಾಸಕಾರರು ಬಹುತೇಕ ಒಪ್ಪುವುದಿಲ್ಲ.

ಸ್ಥಳೀಯ ಹೆಣ್ಣುಮಕ್ಕಳ ಜೊತೆ ಮದುವೆ ಎಷ್ಟರಮಟ್ಟಿಗೆ ಮುಖ್ಯ?

ಬಹಳ. ದೀರ್ಘ ಪ್ರಯಾಣದ ವ್ಯಾಪಾರಿ ಹಡಗಿನಲ್ಲಿ ಸಂಸಾರ ಕಟ್ಟಿಕೊಂಡು ಬರುವವರು ಕಡಿಮೆ. ವರ್ಷ ವರ್ಷವೂ ಒಂದೇ ಬಂದರಿಗೆ ಬಂದು ನಾಲ್ಕು ತಿಂಗಳು ಇರುವವನಿಗೆ ಮನೆ, ಅಡುಗೆ, ಭಾಷೆ, ನಂಬಿಕಸ್ಥ ದಲ್ಲಾಳಿ ಎಲ್ಲವೂ ಬೇಕು. ಮದುವೆಯಾದರೆ ನಾಲ್ಕೂ ಒಮ್ಮೆಗೇ ಸಿಗುತ್ತಿತ್ತು. ಹೆಂಡತಿಯ ಕಡೆಯವರಿಗೆ ದೂರದ ಸರಕಿನ ಮೇಲೆ ಹಿಡಿತ. ಮಾಲ್ದೀವ್‌ನಲ್ಲಿ 1343ರ ಸುಮಾರಿಗೆ ಕಾಝಿ (ನ್ಯಾಯಾಧೀಶ) ಆಗಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ಅಲ್ಲಿ ಮಹರ್ (ವರ ಕೊಡುವ ವಧುಧನ) ಅಲ್ಪ, ಹಡಗು ಬಂದಾಗ ಮದುವೆ, ಹೊರಡುವಾಗ ತಲಾಖ್, ಹೆಂಗಸರು ಮಾತ್ರ ದ್ವೀಪ ಬಿಟ್ಟು ಹೋಗುವುದಿಲ್ಲ ಎಂದು ಬರೆದಿಟ್ಟಿದ್ದಾನೆ.

ಮಕ್ಕಳು ತಂದೆಯ ಧರ್ಮ, ತಾಯಿಯ ಭಾಷೆ. ಪಶ್ಚಿಮ ಕರಾವಳಿಯಿಂದ ಆಫ್ರಿಕಾದವರೆಗೆ ಈ ಒಂದು ವಾಕ್ಯದಲ್ಲಿ ಬಹಳಷ್ಟು ಸಮುದಾಯಗಳ ಹುಟ್ಟು ಅಡಗಿದೆ. ಭಟ್ಕಳದ ನವಾಯತರ ಮಾತು ಕೊಂಕಣಿಯ ಬುಡದ್ದು, ಬ್ಯಾರಿಗಳ ಮಾತು ಮಲಯಾಳಂ ಮತ್ತು ತುಳುವಿಗೆ ಹತ್ತಿರದ್ದು, ಪೂರ್ವ ಆಫ್ರಿಕಾ ತೀರದ ಸ್ವಾಹಿಲಿ ಆಫ್ರಿಕಾದ ಬಂಟು ಭಾಷಾಕುಲದ್ದು. ಅರಬ್ಬಿ ಮನೆಮಾತಾಗಿ ಯಾವ ಕಡೆಯೂ ಉಳಿಯಲಿಲ್ಲ.

ಅಪರಿಚಿತರ ಕೈಗೆ ಹಣ ಕೊಟ್ಟು ಸಮುದ್ರದಾಚೆ ಕಳಿಸುವ ಧೈರ್ಯ ಹೇಗೆ ಬರುತ್ತಿತ್ತು?

'ಮುದಾರಬ' ಎಂಬ ಒಪ್ಪಂದದಿಂದ. ಒಬ್ಬ ಬಂಡವಾಳ ಹಾಕುತ್ತಾನೆ, ಇನ್ನೊಬ್ಬ ದುಡಿಮೆ ಹಾಕುತ್ತಾನೆ. ಲಾಭದ ಪಾಲು ಮೊದಲೇ ಅನುಪಾತದಲ್ಲಿ ನಿಗದಿಯಾಗಬೇಕು. 1,000 ದಿನಾರ್ ಕೊಟ್ಟು, ಮೂರರಲ್ಲಿ ಎರಡು ಪಾಲು ಹಣದವನಿಗೆ, ಒಂದು ಪಾಲು ಪಯಣಿಗನಿಗೆ ಎಂದು ಮಾತಾಗಿದ್ದು, ತಿರುಗಿ ಬಂದಾಗ 1,300 ಆಗಿದ್ದರೆ: ಮೊದಲು ಅಸಲು 1,000 ವಾಪಸ್, ಉಳಿದ 300ರಲ್ಲಿ 200 ಅವನಿಗೆ, 100 ಇವನಿಗೆ. 700 ಮಾತ್ರ ಉಳಿದಿದ್ದರೆ ನಷ್ಟದ 300 ಪೂರ್ತಿ ಹಣ ಹಾಕಿದವನದು; ಪಯಣಿಗ ಕಳೆದುಕೊಳ್ಳುವುದು ತನ್ನ ಶ್ರಮ. ಆದರೆ ಅವನು ಮಾತು ಮೀರಿದ್ದರೆ, ಉದಾಹರಣೆಗೆ ಹೋಗಬೇಡ ಎಂದ ಬಂದರಿಗೆ ಹೋಗಿ ಸರಕು ಕಳೆದಿದ್ದರೆ, ನಷ್ಟ ಅವನ ತಲೆಗೆ. ಲಾಭವನ್ನು ಪಾಲಿನ ಬದಲು 'ಇಷ್ಟು ದಿನಾರ್' ಎಂದು ಖಚಿತ ಮೊತ್ತದಲ್ಲಿ ಬರೆದರೆ ಒಪ್ಪಂದವೇ ಅಸಿಂಧು.

ಇಂಥ ವ್ಯಾಜ್ಯ ಬಂದಾಗ ತೀರ್ಮಾನಕ್ಕೆ ಆಯಾ ಬಂದರಿನಲ್ಲಿ ಕಾಝಿ ಬೇಕು, ಸಾಕ್ಷಿ ಬೇಕು. ಪೂರ್ವ ಆಫ್ರಿಕಾದ ಕಿಲ್ವಾದಲ್ಲೂ ಮಂಗಳೂರಿನಲ್ಲೂ ಒಂದೇ ನಿಯಮ. ಸ್ಥಳೀಯ ವ್ಯಾಪಾರಿಯೊಬ್ಬ ಮುಸ್ಲಿಮನಾದರೆ ಈ ಜಾಲದೊಳಗೆ ಅವನಿಗೆ ಪೂರ್ತಿ ಸದಸ್ಯತ್ವ ಸಿಕ್ಕಂತೆ. ಮತಾಂತರಕ್ಕೆ ಕಾರಣ ಹುಡುಕುವವರು ಪವಾಡದ ಕಥೆಗಳಿಗಿಂತ ಮೊದಲು ಈ ಲೆಕ್ಕದ ಪುಸ್ತಕ ತೆರೆಯುವುದು ಒಳ್ಳೆಯದು.

ಹಿಂದೂ, ಜೈನ ಅರಸರು ಇವರನ್ನು ಯಾಕೆ ಒಳಗೆ ಬಿಟ್ಟುಕೊಂಡರು?

ಸುಂಕಕ್ಕಾಗಿ, ಕುದುರೆಗಾಗಿ. ದಖ್ಖನಿನ ಹವೆಗೆ ಯುದ್ಧದ ಕುದುರೆ ಚೆನ್ನಾಗಿ ಹುಟ್ಟಿ ಬೆಳೆಯುವುದಿಲ್ಲ, ಪ್ರತಿ ವರ್ಷ ಹೊಸದಾಗಿ ತರಿಸಬೇಕು. ತರುವವರು ಹೊರ್ಮುಜ್ ಮತ್ತು ಅರೇಬಿಯಾದವರು. ಅವರನ್ನು ಓಡಿಸಿದರೆ ಅವರು ಪಕ್ಕದ ಬಂದರಿಗೆ, ಅಂದರೆ ಶತ್ರುವಿನ ಬಳಿಗೆ ಹೋಗುತ್ತಾರೆ.

ಮಾನ್ಯಖೇಟದ ರಾಷ್ಟ್ರಕೂಟರನ್ನು ಅರಬ್ ಬರಹಗಾರರು 'ಬಲ್ಹರಾ' (ವಲ್ಲಭರಾಜ) ಎಂದು ಕರೆದು, ಖಲೀಫ, ಚೀನಾ ಮತ್ತು ಬೈಜಾಂಟೀನ್ ಚಕ್ರವರ್ತಿಗಳ ಸಾಲಿನಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳಲ್ಲೊಬ್ಬನೆಂದು ಎಣಿಸಿದರು. ಹೊಗಳಿಕೆ ಪುಕ್ಕಟೆಯದಲ್ಲ. ಶಕ 848, ಅಂದರೆ ಕ್ರಿ.ಶ. 926ರ ಚಿಂಚಣಿ ತಾಮ್ರಪಟದ ಪ್ರಕಾರ, ಮೂರನೇ ಇಂದ್ರನ ಕಾಲದಲ್ಲಿ ಸಂಜಾನ್ ಪ್ರದೇಶದ ಆಡಳಿತ ಮಧುಮತಿ ಎಂಬ ತಾಜಿಕನ ಕೈಯಲ್ಲಿತ್ತು. ಮಧುಮತಿ ಎನ್ನುವುದು ಮುಹಮ್ಮದ್ ಎಂಬ ಹೆಸರಿನ ಸಂಸ್ಕೃತ ರೂಪ. ಅವನು ಹೊಳೆ ದಾಟಲು ಉಚಿತ ದೋಣಿ, ಅನ್ನಸತ್ರ ಏರ್ಪಡಿಸಿದ್ದ. ದೇವಿಯ ಮಠಿಕೆಯೊಂದಕ್ಕೆ ದತ್ತಿ ನಡೆದದ್ದೂ ಅವನ ಒಪ್ಪಿಗೆಯಿಂದ. ಕನ್ನಡ ನಾಡಿನ ದೊರೆಗಳ ಕೈಕೆಳಗೆ ಮುಸ್ಲಿಂ ಅಧಿಕಾರಿ ಎಂದರೆ ಬಹಮನಿಗಳ ಕಾಲದಿಂದ ಎಂದುಕೊಂಡವರು ನಾನೂರು ವರ್ಷ ಹಿಂದೆ ಹೋಗಬೇಕು.

ಸೋಮನಾಥದ ಉದಾಹರಣೆ ಇನ್ನೂ ಸ್ವಾರಸ್ಯಕರ. 1264ರಲ್ಲಿ ಹೊರ್ಮುಜ್‌ನ ನಾಖುದ ನೂರುದ್ದೀನ್ ಫಿರೂಜ್ ಸೋಮನಾಥ ಪಟ್ಟಣದಲ್ಲಿ ಊರ ಪ್ರಮುಖರ ನೆರವಿನಿಂದ ಜಾಗ ಕೊಂಡು ಮಸೀದಿ ಕಟ್ಟಿಸಿದ. ಸಂಸ್ಕೃತ ಮತ್ತು ಅರಬ್ಬಿ ಎರಡರಲ್ಲೂ ಶಾಸನವಿದೆ. ಸಂಸ್ಕೃತ ಪಾಠದಲ್ಲಿ ತೇದಿ ನಾಲ್ಕು ಶಕೆಗಳಲ್ಲಿ: ಹಿಜರಿ 662, ವಿಕ್ರಮ 1320, ವಲಭಿ 945, ಸಿಂಹ 151.

ಹಾಗೆಂದು ಎಲ್ಲವೂ ಸುಗಮವಾಗಿತ್ತೆಂದಲ್ಲ. ಮಂಗಳೂರಿನಲ್ಲಿ ಮುಸ್ಲಿಮರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು, ವರ್ತಕರು ಬೇಕೆಂಬ ಕಾರಣಕ್ಕೆ ಅರಸ ಸಂಧಾನ ಮಾಡಿಸುತ್ತಿದ್ದ ಎಂದು ಇಬ್ನ್ ಬತೂತ ಬರೆಯುತ್ತಾನೆ. ಭಟ್ಕಳದ ಮುಸ್ಲಿಂ ವರ್ತಕರು ಬಹಮನಿಗಳಿಗೆ ಕುದುರೆ ಮಾರಿದರೆಂದು 1479ರ ಸುಮಾರಿಗೆ ವಿಜಯನಗರದ ಕಡೆಯಿಂದ ಅವರ ಮೇಲೆ ಹತ್ಯಾಕಾಂಡವೇ ನಡೆಯಿತೆಂದು ಪೋರ್ಚುಗೀಸ್ ಬರಹಗಳು ಹೇಳುತ್ತವೆ. ಸಹಬಾಳ್ವೆ ನಿಂತದ್ದು ಲಾಭದ ಮೇಲೆ. ಲಾಭ ಕೈತಪ್ಪಿದ ಕಡೆ ಅದು ಬಿರುಕು ಬಿಟ್ಟಿತು.

ಕರ್ನಾಟಕ ಕರಾವಳಿಯಲ್ಲಿ ಏನೇನು ದಾಖಲೆ ಸಿಗುತ್ತದೆ?

ಕರಾವಳಿಯ ಕನ್ನಡ ಶಾಸನಗಳಲ್ಲಿ 'ಹಂಜಮಾನ' ಎಂಬ ವರ್ತಕರ ಗುಂಪು 'ನಖರ' ಎಂಬ ಸ್ಥಳೀಯ ವರ್ತಕ ಸಂಘದ ಜೊತೆಗೆ ಬರುತ್ತದೆ. ಕೇರಳದ ಶಾಸನಗಳ 'ಅಂಜುವಣ್ಣಂ' ಇದಕ್ಕೆ ಸಂಬಂಧಿಸಿದ್ದು. ಇವು ಪಶ್ಚಿಮ ಏಷ್ಯಾ ಮೂಲದ ವರ್ತಕರ ಸಂಘಗಳು.

ಹನ್ನೆರಡನೇ ಶತಮಾನದ ಮಂಗಳೂರಿನ ಬಗ್ಗೆ ಕೈರೋದ ಸಿನಗಾಗ್ ಒಂದರಲ್ಲಿ ಉಳಿದ ಕಾಗದಗಳಿವೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ 1132ರಿಂದ 1149ರವರೆಗೆ ಹೆಚ್ಚಾಗಿ ಇಲ್ಲೇ ಇದ್ದ. ಮಂಗಳೂರಿನಲ್ಲಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿ, ಕರಿಮೆಣಸು, ಅಡಿಕೆ, ಕಬ್ಬಿಣ ಏಡನ್‌ಗೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿದ್ದವು. ದಾಸ್ಯದಿಂದ ಬಿಡಿಸಿದ ಆಶು ಎಂಬ ಹೆಣ್ಣನ್ನು ಅವನು ಮದುವೆಯಾದನೆಂದೇ ತಿಳಿಯಲಾಗಿದೆ. ಅವನ ಪರವಾಗಿ ಏಡನ್‌ವರೆಗೂ ಹೋಗಿಬರುತ್ತಿದ್ದ ಬೊಮ್ಮ ಎಂಬ ಕೆಲಸಗಾರನ ಹೆಸರೂ ಪತ್ರಗಳಲ್ಲಿದೆ. ಪತ್ರಗಳ ಭಾಷೆ ಅರಬ್ಬಿ, ಅಕ್ಷರ ಹೀಬ್ರೂ.

1342ರ ಸುಮಾರಿಗೆ ಬಂದ ಇಬ್ನ್ ಬತೂತ ಮಂಗಳೂರಿನಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದೂ, ಫಾರ್ಸ್ ಮತ್ತು ಯೆಮನ್ನಿನ ದೊಡ್ಡ ವರ್ತಕರು ಇಳಿಯುವುದು ಇಲ್ಲೇ ಎಂದೂ ಹೇಳುತ್ತಾನೆ. ಹೊನ್ನಾವರದಲ್ಲಿ ಅವನು ಕಂಡದ್ದು ಸುಲ್ತಾನ ಜಮಾಲುದ್ದೀನನ ಆಳ್ವಿಕೆ, ಅದರ ಮೇಲೆ ಹರಿಹರನ ಅಧೀನತೆ, ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23. ಹೆಣ್ಣುಮಕ್ಕಳ ಶಾಲೆ ಇಷ್ಟೊಂದು ತಾನು ಬೇರೆಲ್ಲೂ ನೋಡಿಲ್ಲ ಎಂದು ಬೆರಗಾಗಿದ್ದಾನೆ. ಪೋರ್ಚುಗೀಸರ ಆರಂಭದ ದಿನಗಳಲ್ಲಿ ಭಟ್ಕಳದಿಂದ ಹೊರ್ಮುಜ್‌ಗೆ ಅಕ್ಕಿ, ಸಕ್ಕರೆ, ಕಬ್ಬಿಣ. ಅಲ್ಲಿಂದ ಇಲ್ಲಿಗೆ ಕುದುರೆ, ಮುತ್ತು.

ಕರಾವಳಿಯ ಮುಸ್ಲಿಮರು ಶಾಫಿ, ಒಳನಾಡಿನವರು ಹನಫಿ. ಯಾಕೆ?

ಶಾಫಿ, ಹನಫಿ ಎನ್ನುವುದು ಸುನ್ನಿ ಮುಸ್ಲಿಮರ ಎರಡು ಧರ್ಮಶಾಸ್ತ್ರ ಪಂಥಗಳು. ಒಳನಾಡಿಗೆ ಇಸ್ಲಾಂ ಬಹುಮಟ್ಟಿಗೆ ಮಧ್ಯ ಏಷ್ಯಾ, ದೆಹಲಿಯ ಕಡೆಯಿಂದ ಬಂತು, ಅದು ಹನಫಿ ಪರಂಪರೆ. ಕರಾವಳಿಗೆ ಬಂದದ್ದು ಯೆಮನ್, ಹದ್ರಮೌತ್ ಕಡೆಯಿಂದ, ಅಲ್ಲಿ ಶಾಫಿ. ನಕಾಶೆ ಹರಡಿ ನೋಡಿ: ಸೊಮಾಲಿಯಾ, ಕೀನ್ಯಾ ಮತ್ತು ತಾಂಜಾನಿಯಾದ ತೀರ, ಕೊಮೊರೊಸ್, ಭಟ್ಕಳ, ದಕ್ಷಿಣ ಕನ್ನಡ, ಮಲಬಾರ್, ಮಾಲ್ದೀವ್, ಶ್ರೀಲಂಕಾ, ಮಲೇಷ್ಯಾ, ಇಂಡೋನೇಷ್ಯಾ. ಎಲ್ಲ ಶಾಫಿ. ವರ್ತಕರ ದಾರಿಗೆ ಇದಕ್ಕಿಂತ ಸ್ಪಷ್ಟವಾದ ಗೆರೆ ಬೇರೆ ಸಿಗಲಾರದು. ಒಂದು ಎಚ್ಚರ: ಒಮಾನಿನ ಬಹಳಷ್ಟು ಜನ ಇಬಾಜಿ ಎಂಬ ಬೇರೆಯೇ ಪಂಥದವರು, ಸಿರಾಫ್‌ನ ಹಿನ್ನೆಲೆ ಬೇರೆ. ಅವರ ಕುರುಹು ಕಾಲಕ್ರಮದಲ್ಲಿ ಶಾಫಿ ಪದರದ ಕೆಳಗೆ ಮುಚ್ಚಿಹೋಯಿತು. ಇಂದಿನ ಪಂಥ ನೋಡಿ ಮೊದಲು ಬಂದವರು ಇಂಥವರೇ ಎಂದು ತೀರ್ಮಾನಿಸಬಾರದು.

ಹಾಗಾದರೆ ಇಂಡೋನೇಷ್ಯಾವನ್ನು ಮುಸ್ಲಿಂ ದೇಶ ಮಾಡಿದ್ದು ಅರಬ್ ವರ್ತಕರೇ?

ಶಾಲಾ ಪುಸ್ತಕದ ಈ ಉತ್ತರ ಅರ್ಧ ಸತ್ಯ. ಲೆಕ್ಕ ಹಾಕಿ. ಬೆಲಿತುಂಗ್ ಹಡಗು ಒಂಬತ್ತನೇ ಶತಮಾನದ್ದು. ಸುಮಾತ್ರಾದ ಸಮುದ್ರ-ಪಸೈಯ ಮೊದಲ ಸುಲ್ತಾನ ಮಲಿಕ್ ಅಸ್ಸಾಲಿಹ್‌ನ ಗೋರಿಕಲ್ಲು ಹಿಜರಿ 696ರದು, ಅಂದರೆ 1297. ನಡುವೆ ನಾನೂರಕ್ಕೂ ಹೆಚ್ಚು ವರ್ಷ. ಜಾವಾದ ಲೆರಾನ್‌ನಲ್ಲಿ 1082ರ ಒಂದು ಗೋರಿಕಲ್ಲು ಇದೆ, ಆದರೆ ಅದು ಒಂಟಿ. ವ್ಯಾಪಾರವೊಂದೇ ಸಾಕಾಗಿದ್ದರೆ ಅಷ್ಟು ಕಾಲ ಯಾಕೆ ಬೇಕಿತ್ತು?

1292ರಲ್ಲಿ ಆ ದಾರಿಯಲ್ಲಿ ಹೋದ ಮಾರ್ಕೊ ಪೋಲೊ, ಸುಮಾತ್ರಾದ ಪೆರ್ಲಾಕ್ ಪಟ್ಟಣದವರು ವರ್ತಕರ ಪ್ರಭಾವದಿಂದ ಮುಸ್ಲಿಮರಾಗಿದ್ದಾರೆ, ಗುಡ್ಡದವರು ಆಗಿಲ್ಲ ಎನ್ನುತ್ತಾನೆ. ಅಂದರೆ ಮೊದಲು ಪೇಟೆ. ಅಲ್ಲಿನ ಅರಸರಿಗೆ ಹಳೆಯ ಸಾಮ್ರಾಜ್ಯಗಳು ಕುಸಿಯುತ್ತಿದ್ದಾಗ ಹೊಸ ಮಿತ್ರರು, ಹೊಸ ಬಿರುದು, ಪಶ್ಚಿಮದ ಹಡಗುಗಳು ಬೇಕಿದ್ದವು. ಅರಸ ಒಲಿದ ಮೇಲೆ ವೇಗ ಬಂತು. ಹದಿನೈದನೇ ಶತಮಾನದ ಮಲಕ್ಕಾದಲ್ಲಿ ವರ್ತಕರ ಉಸ್ತುವಾರಿಗೆ ನಾಲ್ವರು ಶಾಹಬಂದರ್‌ಗಳಿದ್ದರು. ಒಬ್ಬನು ಬರೀ ಗುಜರಾತಿಗಳಿಗೆ, ಮತ್ತೊಬ್ಬ ದಕ್ಷಿಣ ಭಾರತ ಮತ್ತು ಬಂಗಾಳದ ಕಡೆಯವರಿಗೆ. ಪಸೈ ಮತ್ತು ಜಾವಾದ ಗ್ರೆಸಿಕ್‌ನ ಕೆಲವು ಗೋರಿಕಲ್ಲುಗಳು ಗುಜರಾತಿನ ಖಂಭಾತದ ಅಮೃತಶಿಲೆಯ ಕೆತ್ತನೆಯನ್ನೇ ಹೋಲುತ್ತವೆ. ಗುಜರಾತಿ, ತಮಿಳು, ಮಲಬಾರಿ, ಚೀನೀ ಮುಸ್ಲಿಮರ ಪಾಲನ್ನು ಬಿಟ್ಟು ಎಲ್ಲ ಕೀರ್ತಿಯನ್ನೂ ಅರಬರಿಗೆ ಕೊಡುವುದು ಸರಿಯಲ್ಲ. ಇಂಡೋನೇಷ್ಯಾದ ಇಂದಿನ ಹದ್ರಮಿ (ಹದ್ರಮೌತ್ ಮೂಲದ) ಮನೆತನಗಳ ದೊಡ್ಡ ವಲಸೆ ಹದಿನೆಂಟು, ಹತ್ತೊಂಬತ್ತನೇ ಶತಮಾನದ್ದು.

ಸ್ವಾಹಿಲಿ ನಾಗರಿಕತೆ ಅರಬರು ಕಟ್ಟಿದ್ದೇ?

ವಸಾಹತುಶಾಹಿ ಕಾಲದ ಬರಹಗಾರರು ಹಾಗೆ ನಂಬಿದ್ದರು, ಆಫ್ರಿಕನ್ನರು ಕಲ್ಲಿನ ಊರು ಕಟ್ಟಬಲ್ಲರೆಂದು ಒಪ್ಪಲು ಅವರಿಗೆ ಇಷ್ಟವಿರಲಿಲ್ಲ. ಕೀನ್ಯಾದ ಲಾಮು ದ್ವೀಪಸಮೂಹದ ಶಾಂಗಾದಲ್ಲಿ ಅಗೆದಾಗ ಕಲ್ಲಿನ ಮಸೀದಿಯ ಕೆಳಗೆ ಮರದ ಪುಟ್ಟ ಮಸೀದಿಗಳು ಪದರ ಪದರವಾಗಿ ಸಿಕ್ಕವು, ಹಳೆಯದು ಎಂಟನೇ ಶತಮಾನದ್ದು. ಸುತ್ತ ಇದ್ದದ್ದು ಸ್ಥಳೀಯ ಆಫ್ರಿಕನ್ ಊರೇ. ಜಾಂಜಿಬಾರಿನ ಕಿಜಿಮ್ಕಾಜಿ ಮಸೀದಿಯ ಶಾಸನ 1107ರದು. 2023ರಲ್ಲಿ ಪ್ರಕಟವಾದ ಹಳೆಯ ಎಲುಬುಗಳ ಡಿಎನ್ಎ ಅಧ್ಯಯನ ಇನ್ನೊಂದು ತಿರುವು ಕೊಟ್ಟಿತು: ಸುಮಾರು ಕ್ರಿ.ಶ. 1000ದ ಹೊತ್ತಿಗೆ ಬೆರಕೆ ಶುರುವಾಗಿದೆ, ಹೊರಗಿನಿಂದ ಬಂದ ಗಂಡಸರು ಮುಖ್ಯವಾಗಿ ಪರ್ಷಿಯಾದವರು, ಹೆಂಗಸರು ಹೆಚ್ಚಾಗಿ ಆಫ್ರಿಕದವರು. ಅರಬ್ ಅಂಶ ಹೆಚ್ಚಿದ್ದು ಆಮೇಲೆ.

ಮನೆಗಳನ್ನು ನೋಡಿದರೂ ಹಾಗೇ. ಗೋಡೆ ಹವಳದ ಕಲ್ಲು, ಸುಣ್ಣದ ಗಾರೆ. ಮಾಳಿಗೆಗೆ ಕಾಂಡ್ಲಾ ಮರದ ತೊಲೆ. ಅದು ಎರಡೂವರೆ ಮೂರು ಮೀಟರ್‌ಗಿಂತ ಉದ್ದ ಹಾಯುವುದಿಲ್ಲ, ಆದ್ದರಿಂದ ಕೋಣೆಗಳೆಲ್ಲ ಅಗಲ ಕಿರಿದು, ಉದ್ದ ಹಿರಿದು. ಇದೇ ತೊಲೆ ಮರವಿಲ್ಲದ ಅರೇಬಿಯಾಕ್ಕೆ ರಫ್ತಾಗಿ, ಅಲ್ಲಿನ ಕೋಣೆಗಳ ಅಗಲವನ್ನೂ ನಿರ್ಧರಿಸಿತು. ಭಾಷೆಯಲ್ಲಿ ವ್ಯಾಕರಣ ಬಂಟು, ಆದರೆ ಎಣಿಕೆಯಲ್ಲಿ ಆರು, ಏಳು, ಒಂಬತ್ತು (ಸಿತ, ಸಬ, ತಿಸ) ಮತ್ತು ಇಪ್ಪತ್ತರಿಂದ ಮೇಲಿನ ಹತ್ತುಗಳು ಅರಬ್ಬಿ.

ಯಾವುದು ಬದಲಾಗಲೇ ಇಲ್ಲ?

ಛಾವಣಿ, ಆಸ್ತಿ. ಕಲ್ಲಿಕೋಟೆಯ ಮಿಶ್ಕಾಲ್ ಪಳ್ಳಿಗೆ ಗುಮ್ಮಟವೂ ಇಲ್ಲ, ಮಿನಾರವೂ ಇಲ್ಲ; ಮರದ ಚೌಕಟ್ಟಿನ ಮೇಲೆ ಅಂತಸ್ತು ಅಂತಸ್ತಾಗಿ ಇಳಿಜಾರು ಮಾಡು. ಆ ಮಳೆಗೆ ಅದೇ ಸರಿ. ಜಾವಾದ ದೆಮಾಕ್ ಮಸೀದಿಯದೂ ಅಂತಸ್ತಿನ ಮಾಡೇ.

ಆಸ್ತಿಯ ವಿಷಯ ಇನ್ನೂ ಗಟ್ಟಿ. ಇಸ್ಲಾಮೀ ಕಾನೂನಿನಲ್ಲಿ ಗಂಡು, ಹೆಣ್ಣು ಮಕ್ಕಳಿಗೆ ನಿಗದಿತ ಪಾಲು. ಆದರೆ ಕಣ್ಣೂರು, ಕಲ್ಲಿಕೋಟೆಯ ಮಾಪಿಳ್ಳರ (ಮಲಬಾರಿನ ಮುಸ್ಲಿಮರ) ಹಲವು ತರವಾಡುಗಳಲ್ಲಿ, ಅಂದರೆ ಕೂಡುಕುಟುಂಬಗಳಲ್ಲಿ, ಆಸ್ತಿ ತಾಯಿಯ ಸಾಲಿನಲ್ಲೇ ಇಳಿಯಿತು, ಅಳಿಯ ಹೆಂಡತಿಯ ಮನೆಗೆ ಬರುವವನಾಗಿಯೇ ಉಳಿದ. ಸುಮಾತ್ರಾದ ಮಿನಾಂಗ್‌ಕಬಾವು ಜನ ಧರ್ಮನಿಷ್ಠ ಮುಸ್ಲಿಮರು, ಮಾತೃಮೂಲದವರೂ ಹೌದು. ತುಳುನಾಡಿನ ಅಳಿಯಕಟ್ಟು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಅರಬ್ಬಿ ಲಿಪಿಯಲ್ಲಿ ಬೇರೆ ಭಾಷೆ ಬರೆಯುವುದು ಹೇಗೆ?

ಇಲ್ಲದ ಧ್ವನಿಗೆ ಇರುವ ಅಕ್ಷರದ ಮೇಲೆ ಚುಕ್ಕೆ ಸೇರಿಸಿ. ಅರಬ್ಬಿಯಲ್ಲಿ ಪ, ಚ, ಗ, ಙ, ಞ ಇಲ್ಲ. ಮಲಯ ಭಾಷೆಯ ಜಾವಿ ಲಿಪಿಯಲ್ಲಿ ಫಕ್ಕೆ ಮೂರು ಚುಕ್ಕೆ ಹಾಕಿ ಪ ಮಾಡಿದರು, ಕಕ್ಕೆ ಒಂದು ಚುಕ್ಕೆ ಹಾಕಿ ಗ. 1303ರ ತೆರೆಂಗಾನು ಶಿಲೆ ಇದರ ಹಳೆಯ ಮಾದರಿ. ಅರಬಿ-ಮಲಯಾಳಂ, ತಮಿಳಿನ ಅರ್ವಿ, ಸ್ವಾಹಿಲಿ ಎಲ್ಲವೂ ಇದೇ ಉಪಾಯ ಹಿಡಿದವು. ತೊಂದರೆ ಸ್ವರಗಳಲ್ಲಿ. ಅರಬ್ಬಿಯಲ್ಲಿ ಎ, ಒಗಳಿಗೆ ಬೇರೆ ಗುರುತಿಲ್ಲ, ಆದ್ದರಿಂದ ಹಳೆಯ ಹಸ್ತಪ್ರತಿ ಓದುವವರು ಎ ಮತ್ತು ಇ, ಒ ಮತ್ತು ಉಗಳ ನಡುವೆ ತಡವರಿಸುತ್ತಾರೆ.

ಚೀನಾ?

ಅಲ್ಲಿ ಸಮುದಾಯ ಉಳಿಯಿತು, ನಾಡು ಬದಲಾಗಲಿಲ್ಲ. ಕ್ವಾನ್‌ಝೌನ ಅಸ್ಹಾಬ್ ಮಸೀದಿ 1009-10ರಲ್ಲಿ ಕಟ್ಟಿದ್ದು, 1310ರಲ್ಲಿ ದುರಸ್ತಿಯಾದದ್ದು.

ಗುಲಾಮರ ವ್ಯಾಪಾರದ ಮಾತೇ ಇಲ್ಲವಲ್ಲ?

ಅದನ್ನು ಬಿಟ್ಟು ಬರೆದರೆ ಅಪ್ರಾಮಾಣಿಕತೆ. ಪೂರ್ವ ಆಫ್ರಿಕಾದಿಂದ ದಂತ, ಚಿನ್ನ, ಕಾಂಡ್ಲಾ ತೊಲೆಗಳ ಜೊತೆ ಮನುಷ್ಯರನ್ನೂ ಸಾಗಿಸಿದರು. ಬಸ್ರಾದ ಉಪ್ಪುನೆಲದಲ್ಲಿ ದುಡಿಯುತ್ತಿದ್ದ 'ಝಂಜ್' (ಪೂರ್ವ ಆಫ್ರಿಕಾ ಮೂಲದ) ದಾಸರು 869ರಿಂದ 883ರವರೆಗೆ ಬಂಡೆದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಒಮಾನಿ ಆಳ್ವಿಕೆಯ ಜಾಂಜಿಬಾರಿನಲ್ಲಿ ಈ ದಂಧೆ ಮತ್ತೆ ತೀವ್ರವಾಗಿ, ಅಲ್ಲಿನ ಸಂತೆ ಮುಚ್ಚಿದ್ದು 1873ರಲ್ಲಿ. ಯಲ್ಲಾಪುರ, ಹಳಿಯಾಳದ ಸಿದ್ದಿಗಳನ್ನು ಅರಬ್ ವರ್ತಕರು ನೇರವಾಗಿ ತಂದರೆನ್ನುವುದು ಸಡಿಲ ಮಾತು. ಅವರ ಪೂರ್ವಜರಲ್ಲಿ ಬಹಳ ಮಂದಿ ಪೋರ್ಚುಗೀಸರ ಗೋವೆಯ ಮೂಲಕ ಬಂದವರು.

ಕೇರಳದ ಅರಸ ಚೇರಮಾನ್ ಪೆರುಮಾಳ್ ಮೆಕ್ಕಾಕ್ಕೆ ಹೋದದ್ದು, ಬಾಬಾ ಬುಡನ್ ಏಳು ಕಾಫಿ ಬೀಜ ತಂದದ್ದು ನಿಜವೇ?

ಎರಡೂ ಪರಂಪರೆಯ ಕಥೆಗಳು. ಪೆರುಮಾಳನ ಕಥೆಗೆ ಸೇರಿದ ಕೊಡುಂಗಲ್ಲೂರಿನ ಮಸೀದಿಗೆ ಹೇಳುವ 629 ಎಂಬ ವರ್ಷಕ್ಕೆ ಸಮಕಾಲೀನ ಶಾಸನವಿಲ್ಲ. ಕಥೆಯ ಬರಹರೂಪಗಳು ಬಹಳ ಈಚಿನವು. ಬಾಬಾ ಬುಡನ್ ವರ್ತಕರಲ್ಲ, ಹಜ್‌ಗೆ ಹೋಗಿ ಬಂದ ಸೂಫಿ. ಯೆಮನ್ನಿನ ಮೊಖಾದಿಂದ ಕಾಫಿ ಜಗತ್ತಿಗೆ ಹೋದದ್ದು, ಚಂದ್ರದ್ರೋಣ ಬೆಟ್ಟದಲ್ಲಿ ಹಳೆಯ ಕಾಲದಿಂದ ಅದು ಬೆಳೆದದ್ದು ನಿಜ. ಬೀಜ ಏಳೇ ಎಂಬುದು ಭಕ್ತಿಯ ಲೆಕ್ಕ.

ಹಳೆಯ ಮಸೀದಿ ಅಥವಾ ಗೋರಿಯ ಕಾಲ ತಿಳಿಯುವಾಗ ಎಲ್ಲಿ ತಪ್ಪುತ್ತೇವೆ?

ಮುಖ್ಯವಾಗಿ ಹಿಜರಿ ವರ್ಷಕ್ಕೆ 622 ಕೂಡಿಸಿಬಿಡುವುದರಲ್ಲಿ. ಹಿಜರಿ ಚಾಂದ್ರ ವರ್ಷ, ಸುಮಾರು 354 ದಿನ. ಮೊದಲು 0.97ರಿಂದ ಗುಣಿಸಿ, ಆಮೇಲೆ 622 ಕೂಡಿಸಿ. ಮಲಿಕ್ ಅಸ್ಸಾಲಿಹ್‌ನ 696ಕ್ಕೆ: 675 ಕೂಡಿಸು 622, ಅಂದರೆ 1297. ಸುಮ್ಮನೆ ಕೂಡಿಸಿದರೆ 1318 ಬಂದು 21 ವರ್ಷ ತಪ್ಪುತ್ತದೆ. ಗುಣಿಸಿದ ಮೇಲೂ ಒಂದು ವರ್ಷ ಆಚೀಚೆ ಆಗಬಹುದು, ತಿಂಗಳು ಕೊಟ್ಟಿದ್ದರೆ ಪಂಚಾಂಗ ಕೋಷ್ಟಕ ನೋಡಿ. ಶಕ ವರ್ಷಕ್ಕೆ 78 ಸಾಕು.

ಗೋರಿಕಲ್ಲಿನ ತೇದಿ ಸಾವಿನದು, ಪಕ್ಕದ ಕಟ್ಟಡದ್ದಲ್ಲ. ಕಲ್ಲು ಬೇರೆಡೆಯಿಂದ ತಂದು ನೆಟ್ಟಿರಬಹುದು. ಖಂಭಾತದ ಕಲ್ಲುಗಳನ್ನು ಕೆತ್ತಿಯೇ ರಫ್ತು ಮಾಡುತ್ತಿದ್ದರು. ಗೋಡೆಯ ದಿಕ್ಕನ್ನು ನೋಡಿ ಕಾಲ ಹೇಳುವ ಆಸೆಯೂ ಬೇಡ: ಭಟ್ಕಳದಿಂದ ಕಿಬ್ಲಾ (ನಮಾಜಿಗೆ ಮುಖ ಮಾಡುವ ಮೆಕ್ಕಾದ ದಿಕ್ಕು) ಪಶ್ಚಿಮಕ್ಕಿಂತ ಸುಮಾರು 18 ಡಿಗ್ರಿ ಉತ್ತರಕ್ಕೆ, ಕಿಲ್ವಾದಿಂದ ಹೆಚ್ಚು ಕಡಿಮೆ ನೇರ ಉತ್ತರಕ್ಕೆ. ಹಳೆಯ ಕಾಲದವರು ಇದನ್ನು ಸೂರ್ಯ ಮುಳುಗುವ ದಿಕ್ಕು ಅಥವಾ ನಕ್ಷತ್ರ ನೋಡಿ ಅಂದಾಜು ಮಾಡುತ್ತಿದ್ದರು, ಹತ್ತು ಹದಿನೈದು ಡಿಗ್ರಿ ವ್ಯತ್ಯಾಸ ಸಹಜ. ಹಾಗೆ ಓರೆಯಾದ ಗೋಡೆಯನ್ನು ನೋಡಿ ಇದು ಮೊದಲು ಬೇರೇನೋ ಕಟ್ಟಡವಾಗಿತ್ತು ಎಂದು ಹೇಳಲು ಅಷ್ಟೇ ಆಧಾರ ಸಾಲದು.